ರಾಜನ ಉಳಿದರ್ಧ ಮುಖ

ಕ್ಲೆಮೆಂಟ್ ಥ್ರೋವರ್ ಅವರಿಗೆ ಎಪ್ಪತ್ತೆರಡು ವರ್ಷ. ಅದರಲ್ಲಿ ಮೂವತ್ತೆರಡನ್ನು ಅವರು ಅರ್ಧ ರಾಜನೊಬ್ಬನ ಜೊತೆ ಕಳೆದಿದ್ದಾರೆ.

ರಾಜ ಸಿಕ್ಕಿದ್ದು ನಾರ್ಫೋಕ್‌ನ ಸ್ಟಾರ್‌ಬಿ ಹಳ್ಳಿಯಲ್ಲಿ, ಡಡ್ಲಿ ಲಾರ್ಟರ್ ಎಂಬ ರೈತರ 'ಹನ್ನೆರಡೆಕರೆ' ಹೊಲದಲ್ಲಿ. ಹೊಲ ಇರುವುದು ಹದಿನಾಲ್ಕು ಎಕರೆ. ಹೆಸರಿಟ್ಟವರು ಸತ್ತು ಇನ್ನೂರು ವರ್ಷವಾಗಿರುವುದರಿಂದ ಯಾರೂ ತಿದ್ದುವ ಗೋಜಿಗೆ ಹೋಗಿಲ್ಲ. ಆಗ ಕ್ಲೆಮೆಂಟ್ ಶಾಲೆಯ ಬಸ್ ಓಡಿಸುತ್ತಿದ್ದರು. ಬೆಳಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಮಧ್ಯಾಹ್ನ ಮತ್ತೆ ಹತ್ತಿಸಿಕೊಳ್ಳುವವರೆಗೆ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ಅವರ ದಿನಚರಿ. ಅವತ್ತು ಯಂತ್ರ ಕಿವಿಯಲ್ಲಿ ಸಣ್ಣಗೆ ಕುಂಯ್ ಎಂದಿತು. ಮಂಡಿಯೂರಿ ಅಗೆದರೆ ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿ. ಏಳುನೂರೈವತ್ತು ವರ್ಷ ಹಳೆಯ ಪೆನ್ನಿ. ಸರಿಯಾಗಿ ಹೇಳಬೇಕೆಂದರೆ ಅರ್ಧ ಪೆನ್ನಿ. ಆ ಕಾಲದಲ್ಲಿ ಚಿಲ್ಲರೆ ಬೇಕಾದವರು ನಾಣ್ಯವನ್ನೇ ನಡುವೆ ಕತ್ತರಿಸುತ್ತಿದ್ದರು. ಇದರಲ್ಲಿ ರಾಜನ ಮುಖದ ಎಡಭಾಗ ಉಳಿದಿತ್ತು: ಒಂದು ಕಣ್ಣು, ಒಂದಿಷ್ಟು ಗುಂಗುರು ಕೂದಲು, ಅರ್ಧ ಮೂಗು.

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಟ್ಟು ಡಬ್ಬಿಗೆ ಹಾಕಿಡುತ್ತಿದ್ದರು. ಕ್ಲೆಮೆಂಟ್‌ಗೆ ಉಳಿದರ್ಧವೂ ಬೇಕೆನಿಸಿತು.

"ಅದನ್ನ ಅರ್ಧ ಮಾಡಿದ್ದೇ ಇನ್ನೊಬ್ಬರಿಗೆ ಕೊಡೋಕೆ ಕಣೋ," ಎಂದು ಹೆಂಡತಿ ಮ್ಯಾವಿಸ್ ಅಂದೇ ಹೇಳಿದ್ದರು. "ಇನ್ನರ್ಧ ಯಾವನೋ ಬ್ರೆಡ್ ಮಾರೋನ ಜೇಬಿಗೆ ಹೋಗಿರತ್ತೆ."

"ಅವನೂ ಇದೇ ಹೊಲದಲ್ಲಿ ಓಡಾಡಿರಬಹುದಲ್ಲ?"

"ಹೂಂ, ಜೇಬಲ್ಲಿರೋದನ್ನೆಲ್ಲ ನಿನಗೋಸ್ಕರ ಉದುರಿಸಿಕೊಂಡು!"

ಹೊಲದಲ್ಲಿ ಸಿಕ್ಕಿದ್ದರಲ್ಲಿ ಅರ್ಧ ರೈತನಿಗೆ ಸೇರಬೇಕು ಎಂಬುದು ರೂಢಿ. ಡಡ್ಲಿ ನಾಣ್ಯವನ್ನು ಬೆಳಕಿಗೆ ಹಿಡಿದು ನೋಡಿ, "ಅರ್ಧದಲ್ಲಿ ಅರ್ಧ ಅಂದ್ರೆ ನಂಗೆ ಬರೀ ಮೂಗು ಬರತ್ತೆ. ನೀನೇ ಇಟ್ಕೋ, ಬೋರ್," ಎಂದು ವಾಪಸ್ ಕೊಟ್ಟರು. ನಮ್ಮ ಕಡೆ ಗಂಡಸರು ಗೆಳೆಯರನ್ನು ಬೋರ್ ಎಂದೇ ಕರೆಯುವುದು. ಅದಕ್ಕೂ ಬೇಸರಕ್ಕೂ ಸಂಬಂಧವಿಲ್ಲ. ಕೊಳವೆಬಾವಿಗಂತೂ ಇಲ್ಲವೇ ಇಲ್ಲ.

ಆಮೇಲಿನ ಮೂವತ್ತೆರಡು ವರ್ಷಗಳಲ್ಲಿ ಹನ್ನೆರಡೆಕರೆ ಕ್ಲೆಮೆಂಟ್‌ಗೆ ಕೋಟಿನ ಗುಂಡಿ, ಸೀಸದ ಗುಂಡು, ಆಟಿಕೆ ಟ್ರ್ಯಾಕ್ಟರಿನ ಚಕ್ರ, ಬಿಯರ್ ಡಬ್ಬಿ ತೆರೆಯುವಾಗ ಕಿತ್ತೆಸೆಯುವ, ಎಣಿಕೆಗೆ ಸಿಗದಷ್ಟು ಕಿವಿಗಳನ್ನು ಕೊಟ್ಟಿತು. ಕೆಲವೊಮ್ಮೆ ಒಳ್ಳೆಯದನ್ನೂ ಕೊಟ್ಟಿತು, ಆದರೆ ಅದು ಯಾರಿಗೂ ಗೊತ್ತಿಲ್ಲ. ಹೊಲದಿಂದ ಬಂದವನನ್ನು 'ಏನಾದ್ರೂ ಸಿಕ್ತಾ?' ಎಂದು ಕೇಳಿದರೆ ನಮ್ಮಲ್ಲಿ ಒಂದೇ ಉತ್ತರ: 'ಏನಿಲ್ಲ, ಬರೀ ತಗಡು.' ಚಿನ್ನದ ಕಿರೀಟ ಸಿಕ್ಕವನೂ ಅದನ್ನು ಅಂಗಿಯೊಳಗೆ ಒತ್ತಿ ಹಿಡಿದುಕೊಂಡು ಇದನ್ನೇ ಹೇಳುತ್ತಾನೆ. ನಿಜ ಹೇಳಿದರೆ ರಾತ್ರಿ ಕಳ್ಳರು ಬರುತ್ತಾರೆ, ಹಗಲು ಗೆಳೆಯರು ಬರುತ್ತಾರೆ. ನಿಜ ಹೇಳುವುದು ವಸ್ತುಸಂಗ್ರಹಾಲಯದ ಅಧಿಕಾರಿಗೆ ಮಾತ್ರ, ಅದೂ ಬಾಗಿಲು ಹಾಕಿಕೊಂಡು.

ಈ ವರ್ಷ ಎರಡು ಸಂಗತಿ ನಡೆದವು. ಫೆಬ್ರವರಿಯಲ್ಲಿ ಕ್ಲೆಮೆಂಟ್ ಅವರ ಬಲ ಮಂಡಿ ತೆಗೆದು ಲೋಹದ ಮಂಡಿ ಕೂರಿಸಿದರು. ವ್ಯಾಯಾಮ ಹೇಳಿಕೊಡುವಾಕೆ ದಿನಕ್ಕೆ ಹತ್ತು ಸಲಕ್ಕಿಂತ ಹೆಚ್ಚು ಮಂಡಿ ಊರಕೂಡದು ಎಂದು ಬರೆದುಕೊಟ್ಟಳು. ಜೂನ್‌ನಲ್ಲಿ ಡಡ್ಲಿ ಹನ್ನೆರಡೆಕರೆಯನ್ನು ಸೌರಫಲಕ ಹಾಕುವವರಿಗೆ ಗುತ್ತಿಗೆಗೆ ಕೊಟ್ಟರು. ಉಕ್ಕಿನ ಕಂಬಗಳ ಸಾಲು ಬಂದಮೇಲೆ ಅಲ್ಲಿ ಡಿಟೆಕ್ಟರ್ ಹಿಡಿಯುವುದೆಂದರೆ ಮದುವೆ ಬ್ಯಾಂಡಿನ ಪಕ್ಕ ನಿಂತು ಪಿಸುಮಾತು ಕೇಳಿಸಿಕೊಂಡಂತೆ. ಬಾರ್ಲಿ ಕೊಯ್ಲು ಮುಗಿದು ಕಂಬ ನೆಡುವವರೆಗೆ ಉಳಿಯುವುದು ಹತ್ತೇ ದಿನ.

ಹತ್ತು ದಿನ, ದಿನಕ್ಕೆ ಹತ್ತು ಮಂಡಿ. ಹದಿನಾಲ್ಕು ಎಕರೆಗೆ ನೂರು ಮಂಡಿ. ಕ್ಲೆಮೆಂಟ್ ಅವರ ಹಳೆಯ ಯಂತ್ರಕ್ಕೆ ಬರುವುದು ಒಂದೇ ಮಾತು, ಕುಂಯ್. ರಾಜನಿಗೂ ಕುಂಯ್, ಬಿಯರ್ ಡಬ್ಬಿಗೂ ಕುಂಯ್. ಅದನ್ನು ನಂಬಿ ಹೊರಟರೆ ನೂರು ಮಂಡಿ ಎರಡನೆಯ ದಿನ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅಗೆಯುವ ಮೊದಲೇ ಒಳಗೇನಿದೆ ಎಂದು ಹೇಳುವ ಯಂತ್ರ ಬೇಕಿತ್ತು.

ಅಂಥದ್ದು ಇದ್ದದ್ದು ಫಿಲಿಪ್ಪಾ ಗೂಚ್ ಅವರ ಬಳಿ. ಫಿಲಿಪ್ಪಾ ದಂತವೈದ್ಯೆ, ಊರಿನ ಡಿಟೆಕ್ಟರ್ ಸಂಘದ ಸದಸ್ಯೆ. ಇನ್ನೂ ಮಾರುಕಟ್ಟೆಗೆ ಬಾರದ ಯಂತ್ರವೊಂದನ್ನು ತಯಾರಕರು ಪರೀಕ್ಷೆಗೆಂದು ಅವರಿಗೆ ಕೊಟ್ಟಿದ್ದರು. ಅದು ಮಾತಾಡುತ್ತದೆ, ಕೇಳಿಸಿಕೊಳ್ಳುತ್ತದೆ, ಕಲಿಯುತ್ತದೆ. ಸಂಘದ ಸಭೆಯಲ್ಲಿ ಅದನ್ನು ತೋರಿಸಿದಾಗ ಎದ್ದು ನಿಂತು ಲೇವಡಿ ಮಾಡಿದವರು ಕ್ಲೆಮೆಂಟ್ ಅವರೇ: "ಇನ್ನೈದು ವರ್ಷಕ್ಕೆ ಯಂತ್ರಗಳೇ ಹೊಲಕ್ಕೆ ಹೋಗ್ತವೆ. ನಾವು ಮನೇಲಿ ಕೂತು ಕುಂಯ್ ಅಂತಿರೋದು."

ಈಗ ಅವರು ಫಿಲಿಪ್ಪಾ ಅವರ ಚಿಕಿತ್ಸಾಲಯದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಏನು, ಹಲ್ಲು ನೋವಾ?"

"ಅಲ್ಲ. ಮಂಡಿ."

"ಅಷ್ಟು ಕೆಳಗೆ ನಾನು ನೋಡಲ್ಲ."

"ನಿನ್ ಯಂತ್ರ ಹತ್ತು ದಿನಕ್ಕೆ ಬೇಕಿತ್ತು ಕಣಮ್ಮ."

ಫಿಲಿಪ್ಪಾ ಕೈಗವಸು ತೆಗೆದು ಸ್ವಲ್ಪ ಹೊತ್ತು ಈ ಸಂತೋಷವನ್ನು ಅನುಭವಿಸಿದರು. ಆಮೇಲೆ ಯಂತ್ರ ತಂದುಕೊಟ್ಟರು. "ಒಂದೇ ಷರತ್ತು. ಪ್ರತಿ ಸಲ ಅಗೆದ ಮೇಲೆ ಏನು ಸಿಕ್ತು ಅಂತ ಅದು ಕೇಳತ್ತೆ. ನೀವು ಹೇಳ್ಬೇಕು. ಹಾಗೇ ಅದು ಕಲಿಯೋದು."

"ಅಷ್ಟೇ ತಾನೆ?" ಎಂದರು ಕ್ಲೆಮೆಂಟ್.

ಮೊದಲ ದಿನವೇ ಯಂತ್ರ ಅವರನ್ನು ಗೆದ್ದಿತು. "ಬಿಯರ್ ಡಬ್ಬಿಯ ಕಿವಿ. ಶೇಕಡಾ ಎಂಬತ್ತೊಂದು. ಅಗೆಯುವ ಅಗತ್ಯವಿಲ್ಲ," ಎಂದು ಅದು ಬ್ಯಾಂಕಿನ ಹೆಣ್ಣುಮಗಳ ದನಿಯಲ್ಲಿ ಹೇಳಿದಾಗ, ಕ್ಲೆಮೆಂಟ್ ಮೂವತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಕಿವಿಯನ್ನು ಅಗೆಯದೆ ಮುಂದೆ ನಡೆದರು. ಮಧ್ಯಾಹ್ನ ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು, ಯಂತ್ರವನ್ನು ಕಾಲಿಗೊರಗಿಸಿ, ಚೀಸ್–ಉಪ್ಪಿನಕಾಯಿ ಸ್ಯಾಂಡ್‌ವಿಚ್ ಬಿಚ್ಚಿದರು.

"ಅಪರೂಪದ ಮಿಶ್ರಲೋಹ," ಎಂದಿತು ಯಂತ್ರ. "ಆಳ ಒಂದಿಂಚು. ತಕ್ಷಣ ಅಗೆಯಿರಿ."

ಕ್ಲೆಮೆಂಟ್ ಸುತ್ತ ನೋಡಿದರು. ಆಮೇಲೆ ತಮ್ಮ ಬಲ ಮಂಡಿ ನೋಡಿಕೊಂಡರು. "ಫೆಬ್ರವರಿಲೇ ಅಗೆದಾಯ್ತು ಕಣಮ್ಮ," ಎಂದು ಯಂತ್ರವನ್ನು ದೂರ ಇಟ್ಟರು.

ಐದು ದಿನ ಸೊಗಸಾಗಿ ಕಳೆಯಿತು. ಆರನೆಯ ದಿನ ಏನೋ ಎಡವಟ್ಟಾಯಿತು. ಯಂತ್ರ ಬಿಯರ್ ಡಬ್ಬಿಯ ಕಿವಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ "ತಗಡು, ಅಗೆಯುವ ಅಗತ್ಯವಿಲ್ಲ" ಎನ್ನತೊಡಗಿತು. ಏಳು, ಎಂಟನೆಯ ದಿನವೂ ಅದೇ. ಮೂರು ದಿನ ಕ್ಲೆಮೆಂಟ್ ಒಂದು ಸಲವೂ ಮಂಡಿ ಊರಲಿಲ್ಲ. ಮಂಡಿಗೆ ಒಳ್ಳೆಯದಾಯಿತು, ಮನಸ್ಸಿಗೆ ಆಗಲಿಲ್ಲ. ಹೊಲ ಬರಿದಾಗಿದೆ, ರಾಜನ ಉಳಿದರ್ಧ ಬ್ರೆಡ್ಡಿನವನ ಜೊತೆ ಹೋಗಿಯೇಬಿಟ್ಟಿದೆ ಎಂದು ಅವರು ಒಪ್ಪಿಕೊಳ್ಳತೊಡಗಿದರು.

ಒಂಬತ್ತನೆಯ ದಿನ ಫಿಲಿಪ್ಪಾ ಹೊಲಕ್ಕೆ ಬಂದು, ಯಂತ್ರ ಬರೆದಿಟ್ಟುಕೊಂಡದ್ದನ್ನು ಫೋನಿನಲ್ಲಿ ತೆರೆದು ಓದಿದರು.

"ಮೂವತ್ತೊಂಬತ್ತು ಸಲ ಅಗೆದಿದ್ದೀರ. ಮೂವತ್ತೊಂಬತ್ತು ಸಲವೂ ತಗಡಾ?"

ಕ್ಲೆಮೆಂಟ್ ಬೂಟಿನ ತುದಿ ನೋಡುತ್ತಿದ್ದರು.

"ಜೇಬಲ್ಲೇನಿದೆ, ತೋರಿಸಿ."

ತಂಬಾಕಿನ ಹಳೇ ಡಬ್ಬಿ ಹೊರಬಂತು. ಒಳಗೆ ಹತ್ತಿಯ ಮೇಲೆ ಹೊಲಿಯುವಾಗ ಬೆರಳಿಗೆ ಹಾಕುವ ಬೆಳ್ಳಿಯ ಅಂಗುಸ್ತಾನ, ಕಂಚಿನ ಬಕಲ್, ನಾಲ್ಕು ಬೆಳ್ಳಿ ನಾಣ್ಯ.

"ಇದೇನು?"

"ಅದಾ... ಏನಿಲ್ಲ, ಬರೀ..."

"ಕ್ಲೆಮೆಂಟ್!"

"ಕೇಳಿದ ತಕ್ಷಣ ಬಾಯಿಗೆ ಅದೇ ಬರತ್ತೆ ಕಣಮ್ಮ. ಮೂವತ್ತೆರಡು ವರ್ಷದ ಅಭ್ಯಾಸ."

"ಅದು ಯಂತ್ರ! ಅದು ಯಾರಿಗೆ ಹೋಗಿ ಹೇಳತ್ತೆ?"

"ಕಂಪನಿಯವರಿಗೆ ಹೇಳಲ್ವಾ?"

ಫಿಲಿಪ್ಪಾ ಫೋನಿನತ್ತ ನೋಡಿದರು. ಹೇಳುತ್ತದೆ.

"ಆದ್ರೂ," ಎಂದರು ಅವರು. "ಬಿಯರ್ ಡಬ್ಬಿ ಕಿವಿ ನೀವು ಅಗೆಯಲೇ ಇಲ್ಲ, ಆ ಪಾಠ ಅದಕ್ಕೆ ಸರಿಯಾಗೇ ಇದೆ. ಒಳ್ಳೇದು ಸಿಕ್ಕಾಗೆಲ್ಲ ತಗಡು ಅಂದಿದ್ದೀರ. ಈಗ ಅದಕ್ಕೆ ಬೆಳ್ಳಿ ಅಂದ್ರೂ ತಗಡೇ. ಸರಿ ಮಾಡೋಕೆ ತಯಾರಕರ ಹತ್ರ ಕಳಿಸ್ಬೇಕು. ಮೂರು ವಾರ."

ಉಳಿದಿದ್ದದ್ದು ಒಂದು ದಿನ, ಹತ್ತು ಮಂಡಿ.

ಊಟಕ್ಕೆ ಕೂತಾಗ ಕ್ಲೆಮೆಂಟ್ ಈ ಕತೆಯನ್ನು ಹೆಂಡತಿಗೆ ಹೇಳಿದರು. ಮ್ಯಾವಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬಟಾಣಿ ಬಡಿಸಿ, ಮತ್ತೆ ನಕ್ಕರು. ಆಮೇಲೆ ಕೇಳಿದರು: "ಅದು ಬರೀ ತಗಡು ಅನ್ನತ್ತಾ, ಎಷ್ಟು ತಗಡು ಅಂತಾನೂ ಅನ್ನತ್ತಾ?"

"ಶೇಕಡಾ ಇಷ್ಟು ಅಂತ ಹೇಳತ್ತೆ. ಯಾಕೆ?"

"ನಿನ್ನ ನಲವತ್ತೆಂಟು ವರ್ಷದಿಂದ ನೋಡ್ತಿದ್ದೀನಿ. ಮೆತ್ತಗೆ 'ಬರೀ ತಗಡು' ಅಂದ್ರೆ ತಗಡೇ. ಎದೆ ಉಬ್ಬಿಸಿ ಜೋರಾಗಿ ಅಂದ್ರೆ ಬೆಳ್ಳಿ. ಅದು ಕಲಿತಿರೋದು ನಿನ್ನಿಂದ ತಾನೆ? ನಾಳೆ ನಾನೂ ಬರ್ತೀನಿ."

ಹತ್ತನೆಯ ದಿನ ಗೇಟಿನ ಬಳಿ ಉಕ್ಕಿನ ಕಂಬಗಳು ಬಂದು ಬಿದ್ದಿದ್ದವು. ಹಳದಿ ಕೋಟಿನ ಕೆಲಸಗಾರರು ಚಹಾ ಕುಡಿಯುತ್ತ, ಡಡ್ಲಿ ಗೇಟಿಗೊರಗಿ, ಫಿಲಿಪ್ಪಾ ರಜೆ ಹಾಕಿ, ಎಲ್ಲರೂ ನೋಡುತ್ತಿದ್ದರು. ಕೂಳೆಯ ನಡುವೆ ಮುಂದೆ ಕ್ಲೆಮೆಂಟ್, ಹಿಂದೆ ಮ್ಯಾವಿಸ್.

"ತಗಡು. ಶೇಕಡಾ ಅರವತ್ತು."

"ಪಾಪ, ನಿಜ ಹೇಳ್ತಿದೆ. ನಡಿ ಮುಂದೆ."

"ತಗಡು. ಶೇಕಡಾ ತೊಂಬತ್ತಾರು."

"ಸುಳ್ಳಿ! ಅಗಿ."

ಬೆಳ್ಳಿಯ ಗುಂಡಿ ಬಂತು. ಮ್ಯಾವಿಸ್ ಹೇಳಿದ್ದು ತಪ್ಪಲಿಲ್ಲ. ಮೂರು ಗಂಟೆಗೆ ಒಂಬತ್ತು ಮಂಡಿ ಮುಗಿದು ಡಬ್ಬಿ ತುಂಬುತ್ತ ಬಂದಿತ್ತು, ರಾಜ ಮಾತ್ರ ಇರಲಿಲ್ಲ. ಬಡಗಣ ಬೇಲಿಯ ಹತ್ತಿರ ಯಂತ್ರ ತಡೆದು ನಿಂತಿತು.

"ತಗಡು. ಶೇಕಡಾ ತೊಂಬತ್ತೊಂಬತ್ತು. ದಯವಿಟ್ಟು ಅಗೆಯಬೇಡಿ."

"ದಯವಿಟ್ಟು ಬೇರೆ!" ಎಂದರು ಮ್ಯಾವಿಸ್. "ಊರು ಮಂಡಿ."

ಹೆಂಡತಿಯ ಭುಜ ಹಿಡಿದು ಕ್ಲೆಮೆಂಟ್ ಕೊನೆಯ ಮಂಡಿ ಊರಿದರು. ನಾಲ್ಕು ಇಂಚು ಕೆಳಗೆ, ಹೆಂಟೆ ಒಡೆದರೆ, ಉಗುರಿನಷ್ಟು ಬೆಳ್ಳಿ. ಒಂದು ಬದಿ ದುಂಡು, ಒಂದು ಬದಿ ನೇರ. ಹೆಬ್ಬೆರಳಿನಿಂದ ಒರೆಸಿದರು. ಎದೆಯ ಜೇಬಿನಿಂದ ಹಳೆಯ ಅರ್ಧ ತೆಗೆದು ಅಂಗೈಯಲ್ಲಿ ಪಕ್ಕಕ್ಕಿಟ್ಟರು. ಅತ್ತ ತಿರುಗಿಸಿದರು. ಇತ್ತ ತಿರುಗಿಸಿದರು.

"ಕೂಡಲ್ವಾ?" ಎಂದು ಮ್ಯಾವಿಸ್ ಮೆಲ್ಲಗೆ ಕೇಳಿದರು.

"ಎರಡೂ ಎಡ."

ಅಂಗೈಯಲ್ಲಿ ಎರಡು ಎಡಗಣ್ಣುಗಳು ಅವರನ್ನು ದಿಟ್ಟಿಸುತ್ತಿದ್ದವು.

"ಏನು ಸಿಕ್ಕಿತು?" ಎಂದಿತು ಯಂತ್ರ.

ಕ್ಲೆಮೆಂಟ್ ಬಾಯಿ ತೆರೆದರು. ಫಿಲಿಪ್ಪಾ ನೋಡುತ್ತಿದ್ದರು. ಬಾಯಿಗೆ ಬಂದದ್ದನ್ನು ನುಂಗಿ, ತಮ್ಮ ಡಿಟೆಕ್ಟರ್ ಬದುಕಿನಲ್ಲಿ ಮೊದಲ ಸಲ, ಬಯಲಿನಲ್ಲಿ, ನಾಲ್ಕು ಜನರೆದುರು ನಿಜ ಹೇಳಿದರು.

"ಅರ್ಧ."

"ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ."

"ಅರ್ಧ ಕಣೇ, ಅರ್ಧ!"

"ಅರ್ಥವಾಗಲಿಲ್ಲ."

"ಏನಾದ್ರೂ ಸಿಕ್ತಾ, ತಾತ?" ಎಂದು ಹಳದಿ ಕೋಟಿನವನೊಬ್ಬ ಕೂಗಿದ.

"ಏನಿಲ್ಲ, ಬರೀ ತಗಡು!" ಎಂದು ಕ್ಲೆಮೆಂಟ್ ಎದೆ ಉಬ್ಬಿಸಿ ಉತ್ತರಿಸಿದರು. ಮ್ಯಾವಿಸ್ ಟೋಪಿಯಿಂದ ಮುಖ ಮುಚ್ಚಿಕೊಂಡರು.

ರೈತನಿಗೆ ಮಾತ್ರ ತೋರಿಸಲೇಬೇಕು. ಡಡ್ಲಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಅರ್ಧಕ್ಕೆ ಅರ್ಧ ಸೇರಿ ಒಂದಾಯ್ತು. ಒಂದರಲ್ಲಿ ಅರ್ಧ ನಂದು. ಅಂದ್ರೆ ನಂಗೊಬ್ಬ ರಾಜ, ನಿಂಗೊಬ್ಬ ರಾಜ," ಎಂದು ಹೊಸ ಅರ್ಧವನ್ನು ಜೇಬಿಗಿಳಿಸಿ ಮನೆಗೆ ಹೋದರು. ಲೆಕ್ಕದಲ್ಲಿ ತಪ್ಪು ಹುಡುಕಲು ಕ್ಲೆಮೆಂಟ್‌ಗೆ ಆಗಲಿಲ್ಲ.

ಮರುದಿನ ಕಂಬ ನೆಟ್ಟರು. ಕ್ಲೆಮೆಂಟ್ ಆ ದಾರಿಯಲ್ಲಿ ಹೋಗಲಿಲ್ಲ. ಯಂತ್ರ ರಿಪೇರಿಗೆ ಹೋಯಿತು. ಹಳೆಯ ಡಿಟೆಕ್ಟರನ್ನು ಒರೆಸಿ ಎಣ್ಣೆ ಬಿಟ್ಟು ಮೆಟ್ಟಿಲ ಕೆಳಗಿನ ಗೂಡಿಗೆ ಸೇರಿಸಿದರು. ಮ್ಯಾವಿಸ್ ಗೂಡಿನ ಬಾಗಿಲು ಹಾಕಿದರು.

ಎಂಟನೆಯ ದಿನ ಬೆಳಗ್ಗೆ ಫೋನು ಬಂತು. ಎತ್ತಿಕೊಂಡವರು ಮ್ಯಾವಿಸ್.

"ಮ್ಯಾವಿಸ್, ಅವನಿದ್ದಾನಾ?" ಡಡ್ಲಿ ಅವರ ದನಿ. "ಈ ರಾಜನ್ನ ಒಲೆ ಮೇಲಿನ ಕಟ್ಟೆಲಿಟ್ಟಿದೀನಿ. ತಿಂಡಿ ತಿನ್ನೋವಾಗೆಲ್ಲ ಒಂದೇ ಕಣ್ಣಲ್ಲಿ ನನ್ನೇ ನೋಡ್ತಾನೆ. ಇವನ ಇನ್ನರ್ಧ ಎಲ್ಲಿರಬಹುದು? ದಾರಿ ಆಚೆ ಹೊಲದಲ್ಲಿ ಬೀಟ್‌ರೂಟ್ ಕಿತ್ತಾದ ಮೇಲೆ ಒಂದು ಸಲ ನೋಡಿದ್ರೆ ಹೇಗೆ? ಮಂಡಿ ಊರೋದಕ್ಕೆ ನಾನೂ ಬರ್ತೀನಿ. ನನ್ನವೆರಡೂ ಇನ್ನೂ ಚೆನ್ನಾಗಿವೆ."

ಮ್ಯಾವಿಸ್ ಫೋನಿಗೆ ಕೈ ಅಡ್ಡ ಹಿಡಿದು ಗಂಡನತ್ತ ತಿರುಗಿದರು.

"ಕ್ಲೆಮ್," ಎಂದರು, "ನಿನ್ನ ಇನ್ನರ್ಧ ಸಿಕ್ತು."