ಸಾಹೇಬರು ಕುಡಿದ ತಣ್ಣೀರು

ನಾನು ನಂಬಿಕಸ್ಥ ಮನುಷ್ಯ. ಹೀಗೆಂದು ಹೇಳುತ್ತಿರುವುದು ನಾನಲ್ಲ, ಕೇಂದ್ರ ಸರ್ಕಾರದ ಒಂದು ಫಾರಂ.

ಕೊಟ್ಟೂರಿನ ನನ್ನ ಅಕ್ಕನ ಮಗಳು ವಿಜಯಾ ದೊಡ್ಡ ಕಚೇರಿಯೊಂದಕ್ಕೆ ಆಯ್ಕೆಯಾಗಿದ್ದಾಳೆ. ಅಲ್ಲಿನ ಕಾಗದಪತ್ರಗಳ ಬಗ್ಗೆ ಮನೆಯವರ ಮುಂದೂ ಬಾಯಿ ಬಿಡುವಂತಿಲ್ಲ. ಪರೀಕ್ಷೆ, ಇಂಟರ್‌ವ್ಯೂ, ಮೆಡಿಕಲ್ ಎಲ್ಲ ಪಾಸು. ಉಳಿದದ್ದು ಸೆಕ್ಯುರಿಟಿ ಕ್ಲಿಯರೆನ್ಸ್. ತನ್ನ ನಡತೆಗೆ ಸಾಕ್ಷಿಯೆಂದು ಫಾರಂನಲ್ಲಿ ನನ್ನ ಹೆಸರು ಬರೆದಿದ್ದಳು. (ಪೇಪರಿನಲ್ಲಿ ಬರೆಯುವ ಮಾಮ, ಗೌರವಸ್ಥ.)

ಹೋದ ವಾರ ವೆರಿಫಿಕೇಶನ್ ಸಾಹೇಬರು ಕೂಡ್ಲಿಗಿಯ ನಮ್ಮ ಮನೆಗೇ ಬಂದರು. ಬಿಸಿಲಲ್ಲಿ ಬಂದವರಿಗೆ ಹೆಂಡತಿ ಫ್ರಿಜ್ಜಿನ ತಣ್ಣೀರು ಕೊಟ್ಟಳು. ನಾನು ಶುರು ಮಾಡಿದೆ. "ಹುಡುಗಿ ಬಂಗಾರದಂಥಾಕಿ ಅದಾಳ್ರಿ. ಒಂದು ಸುಳ್ಳು ಹೇಳಾಕಿ ಅಲ್ಲ."

"ಅದೆಲ್ಲ ಸರಿ ಸರ್," ಸಾಹೇಬರು ಗ್ಲಾಸು ಕೆಳಗಿಟ್ಟರು. "ಅವರ ಹೆಸರಲ್ಲಿ ಒಂದು ಸಾಲ ಇದೆ. ಹನ್ನೊಂದು ಕಂತು ಕಟ್ಟಿಲ್ಲ. ಸಾಲ ಉಳಿಸಿಕೊಂಡವರಿಗೆ ಯಾರು ಬೇಕಾದರೂ ದುಡ್ಡಿನ ಆಸೆ ತೋರಿಸಬಹುದು. ನಮಗೆ ಆ ಭಯ."

ಎಂಥ ಎಚ್ಚರ ನೋಡಿ. ಕೋಟಿಗಟ್ಟಲೆ ಮುಳುಗಿಸಿದವರ ಹಿಂದೆ ಸರ್ಕಾರವೇ ಗನ್‌ಮ್ಯಾನ್ ನಿಲ್ಲಿಸುತ್ತದೆ. ಹನ್ನೊಂದು ಕಂತಿನ ಹುಡುಗಿಯಿಂದ ಮಾತ್ರ ದೇಶಕ್ಕೆ ಅಪಾಯ!

ನಮ್ಮ ಕಡೆಯ ಪದ್ಧತಿ ಸಾಹೇಬರಿಗೆ ಗೊತ್ತಿರಲಿಲ್ಲ. ಇಲ್ಲಿ ಸಾಲ ಮಾಡುವವರು ಬೇರೆ, ಸಾಲಕ್ಕೆ ಹೆಸರು ಕೊಡುವವರು ಬೇರೆ. ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯವರೆಗೆ ಯಾವ ಮನೆತನದಲ್ಲಾದರೂ ಕೇಳಿ, ಕ್ರೆಡಿಟ್ ಸ್ಕೋರ್ ಚೆನ್ನಾಗಿರುವವರು ಒಬ್ಬರಿರುತ್ತಾರೆ. ಉಳಿದವರ ಬೈಕು, ಟಿವಿ, ಮೊಬೈಲು ಎಲ್ಲ ಅವರ ಹೆಸರಲ್ಲೇ. ಒಲ್ಲೆ ಎಂದರೆ ನೆಂಟಸ್ತನ ಮುಗಿಯಿತು.

ಎರಡು ವರ್ಷದ ಹಿಂದೆ ನಮಗೊಂದು ಫ್ರಿಜ್ ಬೇಕಾಯಿತು. ಅಂಗಡಿಯವರು ನನ್ನ ಸ್ಕೋರ್ ನೋಡಿ ನಕ್ಕರು. "ನಿನ್ನ ಹೆಸರು ಕೊಡವಾ, ಕಂತು ನಾ ಕಟ್ತೀನಿ" ಎಂದೆ ವಿಜಯಾಗೆ. ಆಗ ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದವಳು ಎರಡು ಮಾತಾಡದೆ ಸಹಿ ಹಾಕಿದಳು.

ಕೆಲವು ತಿಂಗಳು ಕಟ್ಟಿದೆ. ಅಷ್ಟರಲ್ಲಿ ಫ್ರಿಜ್ ಕೆಟ್ಟಿತು. ಅಂಗಡಿಯವನು ರಿಪೇರಿಗೆ ಸತಾಯಿಸಿದ. ಅವನಿಗೆ ಬುದ್ಧಿ ಕಲಿಸಬೇಕೆಂದು ಕಂತು ನಿಲ್ಲಿಸಿಬಿಟ್ಟೆ. (ಅವನಿಗೆ ಫೈನಾನ್ಸಿನವರು ಪೂರ್ತಿ ದುಡ್ಡು ಎಂದೋ ಕೊಟ್ಟಾಗಿತ್ತು. ನಾನು ಬುದ್ಧಿ ಕಲಿಸಿದ್ದು ಯಾರಿಗೆ?) ಆಮೇಲೆ ಫ್ರಿಜ್ ಸರಿಯಾಯಿತು, ನಾನು ಆಗಲಿಲ್ಲ.

ವಿಜಯಾ ಒಮ್ಮೆ ಫೋನ್ ಮಾಡಿದ್ದಳು. "ಮಾಮಾ, ಕಂತು ಕಟ್ಟೀರಿಲ್ಲೋ? ಫೈನಾನ್ಸಿನವ್ರು ನನಗ ಫೋನ್ ಮಾಡಾಕತ್ಯಾರ."

"ಕಟ್ಟೀನವಾ, ನೀ ಸುಮ್ನಿರು."

ಅವಳು ನಂಬಿದಳು. ಸುಮ್ಮನಿದ್ದಳು.

ಸಾಹೇಬರು ಫೈಲು ಮುಚ್ಚಿದರು. "ಈ ಸಾಲ ಯಾರಿಗಾಗಿ ಅಂತ ಅವರನ್ನೇ ಮೂರು ಸಲ ಕೇಳಿದೆ ಸರ್. ತಲೆ ತಗ್ಗಿಸಿ ಕೂತರೇ ಹೊರತು ಬಾಯಿ ಬಿಡಲಿಲ್ಲ. ನಾನು ಏನಂತ ಬರೆಯಲಿ?"

ಒಳಗೆ ಫ್ರಿಜ್ ಗುಂಯ್‌ಗುಡುತ್ತಿತ್ತು. ನನಗೆ ನಾಚಿಕೆಯಾಯಿತು, ನಿಜವಾಗಿ.

"ಸಾಹೇಬ್ರ, ನೀವೀಗ ಕುಡಿದ್ರಲ್ಲ, ಆ ನೀರು ಆ ಸಾಲದ ಫ್ರಿಜ್ಜಿಂದು" ಎಂದೆ.

ಅವರು ಗ್ಲಾಸು ನೋಡಿದರು, ನನ್ನ ಮುಖ ನೋಡಿದರು. "ಬರೆದುಕೊಡ್ತೀರಾ?" ಎಂದರು. ವಾರವಾರವೂ ಊರವರ ತಪ್ಪು ಬರೆಯುವ ನನಗೆ ಆ ಅರ್ಧ ಪುಟಕ್ಕೆ ಒಂದು ಗಂಟೆ ಹಿಡಿಯಿತು.

ಮರುದಿನವೇ ಬಾಕಿ ತೀರಿಸಿ ರಸೀದಿ ಕಳಿಸಿದ್ದೇನೆ. ನಿರ್ಧಾರ ಮೇಲಿನವರದು, ಇನ್ನೂ ಬಂದಿಲ್ಲ. ಅವರಿಗೆ ನನ್ನದೊಂದೇ ಪ್ರಶ್ನೆ: ನನ್ನಂಥ ಮಾಮನ ಗುಟ್ಟನ್ನೇ ಬಿಟ್ಟುಕೊಡದ ಹುಡುಗಿ, ದೇಶದ ಗುಟ್ಟು ಬಿಟ್ಟುಕೊಡುತ್ತಾಳೆಯೇ?