ಬೆಂಕಿಪೊಟ್ಟಣದ ಕೋಣೆ

ಡ್ರಾಯಿಂಗ್ ಮೇಡಂ ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಜೇಡಿಮಣ್ಣು ಇರುತ್ತಿತ್ತು. ಮದ್ದೂರಿನ ಬಸ್ಸಿಳಿದು ನಮ್ಮೂರ ಸ್ಕೂಲಿಗೆ ಬಂದವರೇ ಬಳೆಗಳನ್ನು ಮೇಲೇರಿಸಿ, ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಡುವರು. ವೈದ್ಯನಾಥಪುರದ ದೇವಸ್ಥಾನಕ್ಕೆ ಮಕ್ಕಳನ್ನು ಕರೆದೊಯ್ದಾಗ ದೇವರಿಗೊಂದು ಕೈಮುಗಿಸಿ, ಉಳಿದ ಹೊತ್ತೆಲ್ಲ ಕಂಬ, ಚಾವಣಿ ತೋರಿಸಿದ ಆಸಾಮಿ. ಇದ್ಯಾವ ಸೀಮೆ ಭಕ್ತಿ ಎಂದು ನಾವು ತಾಯಂದಿರು ನಕ್ಕಿದ್ದೆವು.

ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮೇಡಂ ಮಕ್ಕಳ ಕೈಲಿ ಅವರವರ ಮನೆಯನ್ನು ಪುಟ್ಟದಾಗಿ ರಟ್ಟು, ಮಣ್ಣಿನಲ್ಲಿ ಕಟ್ಟಿಸಿದರು. ತಾಯಂದಿರನ್ನೂ ನೋಡಲು ಕರೆದರು. ಪ್ರತಿ ಮನೆಯೊಳಗೂ ಮೇಡಂ ಎರಡು ಬೆರಳಲ್ಲಿ ನಡೆದುಕೊಂಡು ಹೋಗುವರು. "ಬಾಗ್ಲು ತೆಗೀರವ್ವಾ, ನೆಂಟ್ರು ಬಂದವ್ರೆ! ಇಲ್ಲಿ ಯಾರ್ ಮನಿಕತಾರೆ? ಗಾಳಿ ಎಲ್ಲಿಂದ ಬತ್ತದೆ?"

ನನ್ನ ಮಗಳ ಮನೆಯ ಹಿಂದೆ, ಕೊಟ್ಟಿಗೆಗೆ ಒತ್ತಿಕೊಂಡು, ಒಂದು ಬೆಂಕಿಪೊಟ್ಟಣವಿತ್ತು. ಮೇಡಂ ಬೆರಳು ಅದರೊಳಗೆ ಹಿಡಿಯಲಿಲ್ಲ.

"ಅದು ಅಮ್ಮುಂದು ಮೇಡಂ. ಮುಟ್ಟಾದಾಗ ಮೂರ್ ದಿನ ಅಲ್ಲೇ ಇರ್ತಾಳೆ. ದೊಡ್ಡೋಳಾದ್ಮೇಲೆ ನಾನೂವೆ" ಎಂದಳು ಮಗಳು, ಸಲೀಸಾಗಿ.

ಯಾರೋ ಕಿಸಕ್ಕನೆ ನಕ್ಕರು. ನೆಲ ಬಾಯಿಬಿಡಬಾರದೇ ಅನಿಸಿತು ನನಗೆ. ಮೇಡಂ ಬೆರಳು ಪಕ್ಕದ ರಟ್ಟಿನ ಮನೆಗೆ ಸರಿಯಿತು. ಎಲ್ಲರೂ ಹೋದ ಮೇಲೆ ಜಗಳಕ್ಕೇ ನಿಂತೆ: "ಮನೆ ಮಾತ್ನ ಸ್ಕೂಲಲ್ಲಿ ಯಾಕ್ ಆಡುಸ್ತೀರಾ ಮೇಡಂ?"

"ನಾನೂ ಅಂತದ್ರಲ್ಲೇ ಮನಗಿದ್ದೋಳು ಕಣಮ್ಮ. ಮಗು ತಾನ್ ಕಂಡಂಗೆ ಕಟ್ಟವ್ಳೆ. ನಾಚ್ಕೆ ಆದ್ರೆ ಆ ಕೋಣೆ ಕಂಡು ಆಗ್ಲಿ, ಮಗಿನ್ ಕಂಡು ಬ್ಯಾಡ."

ಮನೆಗೆ ಬರುವಾಗ ದಾರಿಯಲ್ಲೇ ಮಗಳ ಕೈಲಿದ್ದ ರಟ್ಟಿನ ಮನೆಯಿಂದ ಆ ಪೊಟ್ಟಣ ಕಿತ್ತು, ಗದ್ದೆಗೆ ನೀರು ಹರಿಯುವ ಚಾನಲ್‌ಗೆ ಎಸೆದೆ. ಮಗಳು ಅಳುತ್ತಲೇ ಬಂದಳು. ಆಮೇಲೆ ಮೇಡಂ ಎದುರು ಸಿಕ್ಕಾಗಲೆಲ್ಲ ಮುಖ ತಪ್ಪಿಸಿದೆ. ಹೋದ ವರ್ಷ ಅವರು ಕಾಯಿಲೆ ಬಿದ್ದು ತೀರಿಕೊಂಡಾಗ ನೋಡಲು ಹೋಗುವ ಮುಖವೂ ನನಗಿರಲಿಲ್ಲ.

ಈಚೆಗೆ ಮಗಳು ದೊಡ್ಡವಳಾದಳು. ಅತ್ತೆ ಆ ಕೋಣೆ ಗುಡಿಸಿಟ್ಟರು. ಅವರ ಎದುರು ಎಂದೂ ದನಿ ಎತ್ತದ ನಾನು, "ಅವ್ಳ್ನ ಅಲ್ಲಿಗ್ ಕಳ್ಸಕ್ಕಿಲ್ಲ ಅತ್ತೆ" ಎಂದುಬಿಟ್ಟೆ. ಹಾಗೆ ಹೇಳಿಸಿದ್ದು ಮೇಡಂ ಅವತ್ತು ಆಡಿದ ಮಾತು, ಆ ಋಣ ದೊಡ್ಡದು. ಮಗಳು ನಡುಮನೆಯಲ್ಲೇ ಮಲಗಿದಳು. ಅತ್ತೆ ಮಾತು ಬಿಟ್ಟರು.

ಮೊನ್ನೆ ನಾನು ಮುಟ್ಟಾದೆ. ಚಾಪೆ ಎತ್ತಿಕೊಂಡು ಹಿತ್ತಲ ಆ ಕೋಣೆಯ ಕಡೆ ಹೊರಟಾಗ ಮಗಳು ಬಾಗಿಲಲ್ಲಿ ಅಡ್ಡ ನಿಂತಳು.

"ನೀನ್ಯಾಕಮ್ಮ ಓಯ್ತಿದ್ದೀಯ?"

ಅವಳ ಮುಖ ನೋಡದೆ ದಾಟಿಕೊಂಡು ಹೋದೆ.