ಮೆನು ಹುಡುಕುವ ಮಹಾಶಯ

ಹೋಟೆಲುಗಳ ವೆಬ್‌ಸೈಟ್‌ಗಳನ್ನು ಹೋಲಿಸಿ ಅಂಕ ಕೊಡುವುದು ಈ ಮಹಾಶಯನ ಕಸುಬು. ಊಟ ಹೇಗಿದೆಯೆಂಬುದು ಅವನಿಗೆ ಬೇಡ, ಮೆನು ಎಲ್ಲಿದೆಯೆಂಬುದೇ ಬೇಕು. ಮೊದಲ ಪುಟದಲ್ಲೇ ಅದು ಕಾಣದಿದ್ದರೆ ಮಾಲೀಕನ ವಂಶವನ್ನೇ ಜಾಲಾಡುತ್ತಾನೆ. ಮನೆಮಂದಿಯೊಡನೆ ಹೋಟೆಲಿಗೆ ಹೋದರೂ ಅಷ್ಟೆ: ಮಕ್ಕಳು ಹಸಿದು ಚಮಚ ಕುಟ್ಟುತ್ತಿದ್ದರೆ ಈತ ಬಡಿಸುವವನನ್ನು ನಿಲ್ಲಿಸಿಕೊಂಡು, "ನಿಮ್ಮ ಸೈಟಲ್ಲಿ ಫೋನ್ ನಂಬರ್ ಹುಡುಕೋಷ್ಟರಲ್ಲಿ ಹಸಿವೇ ಸತ್ತೋಗತ್ತೆ ಕಣಯ್ಯ" ಎಂದು ಉಪದೇಶಿಸುತ್ತಾನೆ. ಮೊನ್ನೆ ಹೆಂಡತಿ ಜ್ವರದಿಂದ ಮಲಗಿದಾಗ ಗಂಜಿ ಕಾಯಿಸಲು ಅಡುಗೆಮನೆಗೆ ಹೋದ. ಕಪಾಟಿನ ಡಬ್ಬಿಗಳನ್ನೆಲ್ಲ ತೆರೆದು ಮುಚ್ಚಿ, ಅವಳ ಮಂಚದ ಬಳಿ ಬಂದು, "ಒಂದರ ಮೇಲೂ ಹೆಸರಿಲ್ಲ, ಯಾರಿಗೆ ಗೊತ್ತಾಗಬೇಕು? ಉಪ್ಪು ಎಲ್ಲಿಟ್ಟಿದ್ದೀಯೇ?" ಎಂದು ರೇಗಿದ. ಅವಳು ಕಣ್ಣು ತೆರೆಯದೆ ಹೇಳಿದಳು: "ಮದುವೆಯಾದಾಗಿಂದ ಒಲೆ ಪಕ್ಕದಲ್ಲೇ ಇದೆ. ನೀವೇ ಒಳಗೆ ಬಂದಿರಲಿಲ್ಲ."